ಡೆಲ್ಕೋ ಬಿಚ್ಚುವಾಗ ತೌಸೀಫನಿಗೆ

ಬ್ಯಾಟರಿ ನೆಗೆಟಿವ್ ಮೊದಲು ತೆಗಿ.
ಆಮೇಲೆ ಮುಚ್ಚಳದ ಎರಡು ಕ್ಲಿಪ್ಪು.
ವೈರುಗಳಿಗೆ ಚೀಟಿ ಬೇಕಿಲ್ಲ, ಬಾಯಲ್ಲಿ ಇಟ್ಕೊ:
ಒಂದು, ಮೂರು, ನಾಲ್ಕು, ಎರಡು.
ಮಗ್ಗಿ ಬರದ ನನಗೆ ನಿಮ್ಮ ದಾದಾ
ಈ ನಾಲ್ಕು ಅಂಕಿ ಬಾಯಿಪಾಠ ಮಾಡಿಸಿದ್ರು
ಇದೇ ತಗಡಿನ ಶೆಡ್ಡಿನಲ್ಲಿ,
ತಪ್ಪಿದರೆ ನೆತ್ತಿಗೆ ಸ್ಪ್ಯಾನರಿನ ತಣ್ಣನೆ ಮೊಟಕು.

ಕಾರು ಪಂಕಜಾಕ್ಷಿ ಮೇಡಂದು. ಎಲ್-ಬೋರ್ಡು ನೋಡು,
ಎಡಗಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು.
ಚಿಂತಾಮಣಿಯ ಅರ್ಧ ಊರು ಈ ಪದ್ಮಿನಿಯಲ್ಲೇ
ಗೇರು ಕಿರ್ರೆನ್ನಿಸಿ ಕಲಿತದ್ದು:
ಟೊಮೇಟೊ ಮಂಡಿಯ ರೈಟರು, ರೇಷ್ಮೆಗೂಡಿನ ದಲ್ಲಾಳಿ,
ಸರ್ಕಾರಿ ಆಸ್ಪತ್ರೆ ನರ್ಸಮ್ಮ.
ಎಲ್ಲರೂ ಚೇಳೂರು ಸರ್ಕಲ್ಲಿನಲ್ಲಿ ಇಂಜಿನ್ ನಿಲ್ಲಿಸಿ
ಕೀಲಿ ಆನ್ ಇಟ್ಟೇ ಬೆವರು ಒರೆಸಿಕೊಂಡವರು.
ಪಾಯಿಂಟು ಸುಡದೆ ಇನ್ನೇನು?

ಸಾಕಾಗಿ ಅವರೇ ತಂದ್ರು ಈ ಪೆಟ್ಟಿಗೆ.
ಪಾಯಿಂಟಿನ ಜಾಗದಲ್ಲಿ ಕರೀ ಸೆನ್ಸರು,
ಅದು ಶಾಫ್ಟು ಸುತ್ತೋದನ್ನ ನೋಡಿ ಹೇಳ್ತೈತೆ,
ಪೆಟ್ಟಿಗೆ ಲೆಕ್ಕ ಹಾಕಿ ಕಿಡಿ ಕೊಡ್ತೈತೆ.
ನಿನ್ನೆ ಕೂಡಿಸಿದೆ. ಸ್ಟಾರ್ಟೂ ಆಯ್ತು.
ಅಂಬಾಜಿದುರ್ಗದ ಏರಿನಲ್ಲಿ ಮಾತ್ರ
ಸೀಸೆಯೊಳಗೆ ಗೋಲಿ ಕುಲುಕಿದ ಹಾಗೆ ಬಡಿತ.

ಯಾಕೆ ಗೊತ್ತಾ? ಪ್ಲೇಟು ಎತ್ತು, ಕೆಳಗೆ ನೋಡು.
ಬಾಗಿದ ಹುಣಸೆಕಾಯಿ ಥರ ಎರಡು ತೂಕ,
ಎರಡು ಸ್ಪ್ರಿಂಗು. ವೇಗ ಏರಿದ ಹಾಗೆ
ತೂಕ ಹೊರಕ್ಕೆ ಚಾಚ್ತೈತೆ,
ಸ್ಪ್ರಿಂಗು ಬೇಡ ಬೇಡ ಅಂತ ಎಳೀತೈತೆ,
ಈ ಜಗಳದಲ್ಲೇ ಕಿಡಿ ಒಂಚೂರು ಮುಂಚೆ ಬೀಳ್ತಿದ್ದದ್ದು.
ಈಗ ಪೆಟ್ಟಿಗೆಯೂ ಮುಂಚೆ ಅಂತೈತೆ, ಇದೂ ಮುಂಚೆ ಅಂತೈತೆ.
ಪಿಸ್ಟನ್ನು ಇನ್ನೂ ಮೆಟ್ಟಿಲು ಹತ್ತುವಾಗಲೇ
ತಲೆ ಮೇಲೆ ಏಟು.

ತೆಳ್ಳಗಿರೋ ಸ್ಪ್ರಿಂಗು ಕಂಪನೀದಲ್ಲ.
ಕೆಟ್ಟ ಟೇಪ್‌ರೆಕಾರ್ಡರಿನಿಂದ ಕಿತ್ತು
ಅರ್ಧ ಸುತ್ತು ಕತ್ತರಿಸಿ ಕೊಕ್ಕೆ ಬಾಗಿಸಿ
ಇಂಜಿನ್ ಕೇಳಿ, ಇನ್ನರ್ಧ ಸುತ್ತು ಕತ್ತರಿಸಿ
ಪ್ಯಾರೇಜಾನ್ ಸಾಬರು ಕೂರಿಸಿದ್ದು.
ಪಾಯಿಂಟಿನ ಸಂದಿಗೆ ಅವರ ಹತ್ರ ಗೇಜು ಇರಲಿಲ್ಲ,
ಎರಡು ಮಡಿಕೆ ಪೋಸ್ಟ್‌ಕಾರ್ಡು:
ಹೋಗಬೇಕು, ಆದರೆ ಒಲ್ಲೆ ಅಂತ ಹೋಗಬೇಕು.

ನನ್ನ ಕೈ ಯಾಕೆ ನಿಂತಿತು ಅಂತ ಕೇಳಬೇಡ.
ಟಾರ್ಚ್ ಸರಿಯಾಗಿ ಹಿಡಿ.

ಒಂದು ಬಂತು. ಇನ್ನೊಂದೂ ಬಂತು.
ಸೆನ್ಸರು ದೂರ ಇಟ್ಟೆಯಾ? ಬಿಸಿ ತಗುಲಿದರೆ ಸತ್ತ ಹಾಗೆ.
ಅಡ್ಡಕ್ಕೊಂದು ಪಿನ್ನು, ಸಣ್ಣ ಬೆಸುಗೆ.
ಈಗ ತಿರುಚಿ ನೋಡು. ಅಲುಗಲ್ಲ.
ವ್ಯಾಕ್ಯೂಮ್ ಕೊಳವೆ ಬಾಯಿಗೂ ರಬ್ಬರ್ ಬಿರಡೆ.
ಹೊತ್ತು ನೋಡೋ ಕೆಲಸ ಇನ್ನು ಡೆಲ್ಕೋದಲ್ಲ,
ಬಂದದ್ದನ್ನ ನಾಲ್ಕು ಮನೆಗೆ ಹಂಚೋದು ಅಷ್ಟೇ.

ಹಂಚೋದೇನು ಸುಲಭವಾ?
ಕಿಡಿ ಬಂದ ಗಳಿಗೆ ರೋಟರು ಬಾಗಿಲಲ್ಲಿ ಇಲ್ಲದಿದ್ರೆ
ಅದು ಪಕ್ಕದ ಮನೆಗೆ ಹಾರ್ತೈತೆ.
ಆ ಹಳೇ ಮುಚ್ಚಳ ತಗೊ,
ಒಂದನೇ ವೈರಿನ ಪಕ್ಕ ಎಂಟಾಣೆ ಅಗಲ ತೂತು ಹೊಡಿ.
ಇಂಜಿನ್ ಹಾಕು. ಟೈಮಿಂಗ್ ಲೈಟು ಬಿಡು.
ಕಂಡಿತಾ?
ಗಿರಗಿರ ಸುತ್ತುತ್ತಿರೋ ರೋಟರು
ತೂತಿನಲ್ಲಿ ನಿಂತುಬಿಟ್ಟೈತೆ,
ಸ್ಟುಡಿಯೋದಲ್ಲಿ ಉಸಿರು ಹಿಡಿದು ಕೂತವನ ಹಾಗೆ.
ಆಕ್ಸಿಲೇಟರ್ ಒತ್ತು. ಜರುಗ್ತೈತೆ, ಜರುಗ್ತೈತೆ... ಸಾಕು.
ರೋಟರಿನ ಮೂಗಿಗೆ ಹಿತ್ತಾಳೆ ಪಟ್ಟಿ ಬೆಸೆದು
ಅಗಲ ಮಾಡಬೇಕು. ರಾತ್ರಿ ಆದರೂ ಸರಿ.

ಅಗೋ ಬಂದ್ರು ನಿಮ್ಮ ದಾದಾ, ಅಸರ್ ಮುಗಿಸಿ.
ಕಿವಿ ಈಗ ಅಷ್ಟಕ್ಕಷ್ಟೆ.
ಬಾನೆಟ್ಟಿಗೆ ಅಂಗೈ ಇಟ್ರು,
ಬಿಸಿ ಅಂತ ತೆಗೆದ್ರು. ಏನೂ ಅನ್ನಲಿಲ್ಲ.
ಜರ್ದಾ ಡಬ್ಬಿಯಲ್ಲಿ ನಾನು ಹಾಕಿಟ್ಟ ಸ್ಪ್ರಿಂಗು
ಕಣ್ಣ ಹತ್ರ ತಂದು, ಎರಡು ಬೆರಳಲ್ಲಿ ಎಳೆದು, ಬಿಟ್ಟು:
ಇದು ಬೇಕಾ ನಿಂಗೆ, ನಾರೆಪ್ಪ?
ಪಾರಿವಾಳದ ಗೂಡಿನ ಬಾಗಿಲು
ತಾನಾಗಿ ಮುಚ್ಚಿಕೊಳ್ತಿಲ್ಲ.

ಬೇಡ ಅಂದೆ.

ನೀನು ಆ ಕ್ಲಿಪ್ಪು ಹಾಕು.
ಬೆಳಿಗ್ಗೆ ಆರಕ್ಕೆ ಮೇಡಂ ಹತ್ರ ಹೊಸಬರು ಯಾರೋ
ಸರ್ಕಲ್ಲಿನಲ್ಲಿ ಇಂಜಿನ್ ನಿಲ್ಲಿಸೋಕೆ ಬರ್ತಾರೆ.